‘ಕನ್ನಡ’ ಎಂಬ ಹೆಸರಿನ ಜಾಝ್

ಕಳೆದ ಬಕ್ರೀದಿಗೆ ಗರಗಕ್ಕೆ ಹೋಗಿದ್ದೆವು. ಧಾರವಾಡದಿಂದ ಬಸ್ಸು ಹತ್ತಿದರೆ ತಾಸಿನೊಳಗೆ ಸಿಗುವ ಊರು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯ್ದ ಊರೆಂದು ನಾಡಿನವರು ಇದನ್ನು ಬಲ್ಲರು, ಮಡಿವಾಳೇಶ್ವರ ಮಠದ ಊರೆಂದು ಸುತ್ತಲಿನವರು ಬಲ್ಲರು. ನಮಗೆ ಅದು ಖಾಲಾನ ಊರು. ಊಟ ಮುಗಿದು ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ತಂಗಿಯ ಮಗ ತನ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದ.

“ಮಾಮೂ, ಇದನ್ನೊಮ್ಮೆ ಕೇಳ್ರಿ.”

ಸ್ಯಾಕ್ಸೊಫೋನ್, ಪಿಯಾನೊ, ಡ್ರಮ್ಮು. ಸ್ಯಾಕ್ಸೊಫೋನು ಒಂದೇ ಉಸಿರಿಗೆ ಏನನ್ನೋ ಹೇಳಿ ಥಟ್ಟನೆ ನಿಲ್ಲುತ್ತಿತ್ತು. ಮತ್ತೆ ಅದನ್ನೇ ಬೇರೆ ತಿರುವಿನಲ್ಲಿ ಹೇಳುತ್ತಿತ್ತು. ಖಯಾಲ್ ಕೇಳಿ ಬೆಳೆದ ಕಿವಿಗೆ ಅದರಲ್ಲಿ ಸಮ್ ಎಲ್ಲಿ, ಸ್ಥಾಯಿ ಎಲ್ಲಿ ಎಂದು ಹುಡುಕುವುದೇ ಆಯಿತು. ಅಡುಗೆಮನೆಯಿಂದ ಖಾಲಾ ಕೂಗಿದಳು: “ಕೌನ್ ಝಗಡ್ ರಹೇ ರೇ?” ಯಾರು ಜಗಳ ಆಡಾಕತ್ತಾರಲೇ ಎಂದು. ಹುಡುಗ ನಕ್ಕು ಹೇಳಿದ: “ಇದರ ಹೆಸರು ಏನಂತ ಹೇಳ್ರಿ ನೋಡೋಣು? ‘ಕನ್ನಡ’ ಅಂತ.”

ನಾವು ಎದ್ದು ಕೂತೆವು.

ನುಡಿಸಿದವರ ಹೆಸರು ರುದ್ರೇಶ್ ಮಹಾಂತಪ್ಪ. ಗರಗದ ಯಾವುದೇ ಓಣಿಯಲ್ಲಿ ನಿಂತು “ಮಹಾಂತಪ್ಪಾ” ಎಂದು ಕೂಗಿದರೆ ಒಬ್ಬರಾದರೂ ಓಗೊಟ್ಟಾರು, ಅಷ್ಟು ನಮ್ಮ ಸೀಮೆಯ ಹೆಸರು. ಆದರೆ ಈ ಮಹಾಂತಪ್ಪ ಹುಟ್ಟಿದ್ದು ಇಟಲಿಯ ಟ್ರಿಯೆಸ್ಟೆ ಎಂಬ ಬಂದರು ಪಟ್ಟಣದಲ್ಲಿ, 1971ರಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನಲ್ಲಿ. ತಂದೆ ಕೆ.ಟಿ. ಮಹಾಂತಪ್ಪ ಕರ್ನಾಟಕದಿಂದ ಹೋಗಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಭೌತವಿಜ್ಞಾನಕ್ಕೂ ಟ್ರಿಯೆಸ್ಟೆಗೂ ಇರುವ ನಂಟು ಓದುಗರಿಗೆ ಗೊತ್ತಿರಬಹುದು. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ಸಲಾಮ್ 1964ರಲ್ಲಿ ಬಡದೇಶಗಳ ವಿಜ್ಞಾನಿಗಳಿಗೂ ಬಾಗಿಲು ತೆರೆದಿರಲೆಂದು ಸೈದ್ಧಾಂತಿಕ ಭೌತವಿಜ್ಞಾನದ ಅಂತಾರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ್ದು ಅದೇ ಊರಿನಲ್ಲಿ.

ಹುಡುಗ ರುದ್ರೇಶ್ ಶಾಲೆಯಲ್ಲಿ ಕೈಗೆತ್ತಿಕೊಂಡದ್ದು ಸ್ಯಾಕ್ಸೊಫೋನ್. ಕೇಳಿ ಮರುಳಾದದ್ದು ಚಾರ್ಲಿ ಪಾರ್ಕರ್‌ಗೆ. ಮೂವತ್ತನಾಲ್ಕು ವರ್ಷವಷ್ಟೇ ಬದುಕಿ 1955ರಲ್ಲಿ ತೀರಿಕೊಂಡ ಈ ಕರಿಯ ಅಮೆರಿಕನ್ ಕಲಾವಿದ ಜಾಝಿನ ದಿಕ್ಕನ್ನೇ ಬದಲಿಸಿದವನು. ಜಾಝ್ ಎಂದರೆ ಬರಿ ಗದ್ದಲವೆಂದು ತಿಳಿದವರು ನಮ್ಮಲ್ಲಿ ಹೆಚ್ಚು. ಗುಲಾಮಗಿರಿಯಿಂದ ಹೊರಬಂದ ಕರಿಯ ಜನ ಅಮೆರಿಕದ ದಕ್ಷಿಣದ ಊರುಗಳಲ್ಲಿ ಕಟ್ಟಿಕೊಂಡ ಸಂಗೀತ ಅದು. ಒಂದು ಚಿಕ್ಕ ರಾಗರೇಖೆಯನ್ನು ಎಲ್ಲರೂ ಕೂಡಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಸರದಿ ಬಂದಾಗ ಅದನ್ನು ಅಲ್ಲೇ, ಆಗಲೇ ಬೆಳೆಸುತ್ತಾರೆ. ಬಂದಿಶ್ ಒಂದೇ, ಬಢತ್ ಅವರವರದು ಎಂದರೆ ಧಾರವಾಡದವರಿಗೆ ಬೇಗ ತಿಳಿದೀತು.

ರುದ್ರೇಶ್ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದಿದರು, ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಓದಿದರು, 1997ರ ಸುಮಾರಿಗೆ ನ್ಯೂಯಾರ್ಕ್ ಸೇರಿದರು. ಆದರೆ ಅವರ ಮುಖ, ಅವರ ಹೆಸರು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದವು. ನೀನು ಭಾರತದವನು, ಹಾಗಾದರೆ ಭಾರತೀಯ ಸಂಗೀತ ಬಲ್ಲೆಯಲ್ಲವೇ ಎಂಬ ನಿರೀಕ್ಷೆ ಎಲ್ಲೆಡೆ. ಅವರಿಗೋ ರಾಗ ತಾಳದ ಶಿಕ್ಷಣವೇ ಆಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಅಣ್ಣ ಚೇಷ್ಟೆಗೆಂದು ಒಂದು ಸಂಗೀತ ಮುದ್ರಿಕೆಯನ್ನು ಉಡುಗೊರೆ ಕೊಟ್ಟರಂತೆ. ಅದರ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ನೋಡು, ನಿನ್ನ ವಾದ್ಯದಲ್ಲಿ ಯಾರೋ ನಮ್ಮ ಕಡೆಯವರು ಏನೋ ಊದಿದ್ದಾರೆ ಎಂಬ ತಮಾಷೆ. ಕೇಳಿದ ತಮ್ಮನಿಗೆ ತಮಾಷೆ ಅಲ್ಲೇ ಮುಗಿಯಿತು. ಅದರಲ್ಲಿ ನುಡಿಸಿದ್ದವರು ಕದ್ರಿ ಗೋಪಾಲನಾಥ್.

ಗೋಪಾಲನಾಥರ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ನಿಜ ಹೇಳಬೇಕೆಂದರೆ ನಮಗೆ ಪ್ರೀತಿ ಹೆಚ್ಚು ಇವರ ಮೇಲೆಯೇ.

1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಕಲಿತ. ಮುಂದೆ ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡ, ಕೇಳಿದ. ಅಂದಿನಿಂದ ಅದರ ಹುಚ್ಚು ಹಿಡಿಯಿತು. ಅರಮನೆಯ ಬ್ಯಾಂಡಿನಲ್ಲಿ ಅದು ಇಂಗ್ಲಿಷರ ಸಲಾಮಿನ ವಾದ್ಯ. ಅದರಲ್ಲಿ ತ್ಯಾಗರಾಜರ ಕೀರ್ತನೆ ನುಡಿಯಬಹುದೆಂದು ಆಗ ಯಾರಿಗೆ ಅನ್ನಿಸಿರಲು ಸಾಧ್ಯ?

ಕಷ್ಟ ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಗಸ್ವರದ ಮೈಮೇಲೆ ಇರುವುದು ಬರಿಯ ತೂತುಗಳು. ಬೆರಳನ್ನು ಪೂರ್ತಿ ಎತ್ತದೆ, ಪೂರ್ತಿ ಮುಚ್ಚದೆ, ಮೆಲ್ಲಗೆ ಜಾರಿಸಿದರೆ ಸ್ವರವೂ ಜಾರುತ್ತದೆ. ಗಮಕ ಹುಟ್ಟುವುದೇ ಆ ಜಾರಿಕೆಯಲ್ಲಿ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ತೂತಿಗೂ ಭೇಟಿಯೇ ಇಲ್ಲ, ನಡುವೆ ಲೋಹದ ಕೀಲಿಗಳು. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು, ಎರಡರ ನಡುವೆ ಗೋಡೆ. ಗಮಕವಿಲ್ಲದ ಕರ್ನಾಟಕ ಸಂಗೀತವೆಂದರೆ ಉಪ್ಪಿಲ್ಲದ ಸಾರು. ಗೋಪಾಲನಾಥರು ಆ ಗೋಡೆಯನ್ನು ತುಟಿಯ ಹಿಡಿತದಿಂದ, ಉಸಿರಿನ ಒತ್ತಡದಿಂದ, ಕೀಲಿಗಳ ಮೇಲಿನ ಹದದಿಂದ ಕರಗಿಸಬೇಕಾಯಿತು. ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ಸುಮಾರು ಇಪ್ಪತ್ತು ವರ್ಷದ ಸಾಧನೆ ಅದು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಬಳಿಕ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ.

ಇದು ವಿಲಾಯತಿ ವಾದ್ಯ, ಕಚೇರಿಗೆ ಸಲ್ಲದು ಎನ್ನುವವರು ಇರದೆ ಇರುತ್ತಾರೆಯೇ? ಪಿಟೀಲು ಕೂಡ ವಿಲಾಯತಿಯೇ ಆಗಿತ್ತು. ಆದರೆ ಅದು ಬಂದು ಇನ್ನೂರು ವರ್ಷವಾಗಿತ್ತು, ಬಂದ ದಾರಿಯನ್ನು ಜನ ಮರೆತಿದ್ದರು. ಹೊಸದಾಗಿ ಬಂದವರನ್ನು ಮಾತ್ರ ಊರಿನ ಹೆಸರು ಕೇಳುವುದು ಎಲ್ಲ ಕಡೆಯ ಪದ್ಧತಿ. ಗೋಪಾಲನಾಥರು ವಾದ ಮಾಡಲಿಲ್ಲ. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆ ಬಾಗಿದ ಹಿತ್ತಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿದರು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ನಿಮ್ಮ ಜೊತೆ ನುಡಿಸಲೇ ಎಂದು ಕೇಳಿದ್ದು ಇವರ ಬದುಕಿನ ತಿರುವು. ಆಮೇಲೆ ಬರ್ಲಿನ್, ಪ್ರಾಗ್‌ನ ಜಾಝ್ ಉತ್ಸವಗಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಕಚೇರಿ, ಅಲ್ಲಿಗೆ ಕರೆ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಅದೇ ವರ್ಷ ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ ಬಂತು. ಎ.ಆರ್. ರೆಹಮಾನ್ ಸಂಗೀತದಲ್ಲಿ ಗೋಪಾಲನಾಥರ ಸ್ಯಾಕ್ಸೊಫೋನು ಮನೆಮನೆಗೆ ಹೋಯಿತು. 2004ರಲ್ಲಿ ಪದ್ಮಶ್ರೀ. ಇವೆಲ್ಲಕ್ಕಿಂತ ದೊಡ್ಡದೆಂದು ನಮಗೆ ಅನ್ನಿಸುವುದು ಬೇರೆ. ಇಂದು ದಕ್ಷಿಣ ಕನ್ನಡದಲ್ಲಿ ದೇವಸ್ಥಾನದ ಉತ್ಸವವಿರಲಿ, ಮದುವೆಯಿರಲಿ, ಭೂತದ ನೇಮವಿರಲಿ, ಸ್ಯಾಕ್ಸೊಫೋನ್ ಕೇಳುತ್ತದೆ. ಅಲ್ಲಿನ ಮಕ್ಕಳಿಗೆ ಅದು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ತಯಾರಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವೆಂದರೆ ನಂಬಿಕೆ ಬರಲಿಕ್ಕಿಲ್ಲ.

ಎಲ್ಲ ಕಡೆ ಈ ವಾದ್ಯದ ಅದೃಷ್ಟ ಹೀಗೆ ಇರಲಿಲ್ಲ. ರಷ್ಯಾದ ಕತೆ ನೋಡಿ. 1922ರ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ಮೊದಲ ಜಾಝ್ ಕಚೇರಿ ನಡೆದಾಗ ಜನ ಕುತೂಹಲದಿಂದ ಕೇಳಿದರು. ಕಾಲು ಶತಮಾನ ಕಳೆಯುವುದರೊಳಗೆ ಸ್ಟಾಲಿನ್ ಸರಕಾರಕ್ಕೆ ಸ್ಯಾಕ್ಸೊಫೋನು ಶತ್ರುದೇಶದ ಗೂಢಚಾರನಂತೆ ಕಾಣತೊಡಗಿತು. ವಾದಕರು ತಮ್ಮ ವಾದ್ಯವನ್ನೇ ಬದಲಿಸಬೇಕಾದ ಕಾಲ ಬಂತು. ಎಡ್ಡಿ ರೋಸ್ನರ್ ಎಂಬ ಟ್ರಂಪೆಟ್ ವಾದಕನಿದ್ದ. ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನಿಂದ ತಪ್ಪಿಸಿಕೊಂಡು ಪೋಲೆಂಡಿಗೆ, ಅಲ್ಲಿಂದ ಸೋವಿಯತ್ ನೆಲಕ್ಕೆ ಓಡಿಬಂದವನು. ಬೆಲಾರೂಸಿನ ಸರಕಾರಿ ಜಾಝ್ ತಂಡದ ನಾಯಕನಾಗಿ ದೇಶವೆಲ್ಲ ಮೆರೆದ. ಅದೇ ಸರಕಾರ 1946ರಲ್ಲಿ ಅವನನ್ನು ಹಿಡಿದು ಕೋಲಿಮಾದ ಹಿಮದ ಸೆರೆಶಿಬಿರಕ್ಕೆ ಅಟ್ಟಿತು. ಅವನು ಅಲ್ಲಿಯೂ ಕೈದಿಗಳ ವಾದ್ಯತಂಡ ಕಟ್ಟಿದ. ಬಿಡುಗಡೆಯಾದದ್ದು 1954ರಲ್ಲಿ, ಸ್ಟಾಲಿನ್ ಸತ್ತ ಮರುವರ್ಷ. ಒಬ್ಬನಿಗೆ ಯಹೂದಿಯಾದದ್ದು ತಪ್ಪು, ಇನ್ನೊಬ್ಬನಿಗೆ ಪರದೇಶದ ಸಂಗೀತ ನುಡಿಸಿದ್ದು ತಪ್ಪು. ನೀನು ಯಾರವನು ಎಂಬ ಪ್ರಶ್ನೆಯನ್ನು ಪೊಲೀಸರು ಕೇಳತೊಡಗಿದರೆ ಸಂಗೀತಗಾರ ಏನು ಉತ್ತರ ಕೊಟ್ಟರೂ ಸಾಲದು.

ಮಹಾಂತಪ್ಪನವರಿಗೆ ಆ ಪ್ರಶ್ನೆ ಬಂದದ್ದು ಪೊಲೀಸರಿಂದಲ್ಲ, ಒಳ್ಳೆಯ ಜನರಿಂದ, ನಗುಮುಖದಿಂದ. ಅಮೆರಿಕದಲ್ಲಿ ನಮ್ಮ ಕಡೆಯವರನ್ನು ಕಂಡವರು ಕೇಳುವ ಒಂದು ಮಾತಿದೆಯಂತೆ: ನೀವು ‘ಇಂಡಿಯನ್’ ಮಾತಾಡುತ್ತೀರಾ? ಇನ್ನೂ ಮುಂದೆ ಹೋಗಿ, ನೀವು ‘ಹಿಂದೂ’ ಮಾತಾಡುತ್ತೀರಾ? ಮಹಾಂತಪ್ಪ ಸಿಟ್ಟಾಗುವ ಬದಲು ಆ ಪ್ರಶ್ನೆಯನ್ನೇ ಎತ್ತಿಕೊಂಡರು. ಭಾರತ ಮೂಲದ ಬೇರೆ ಬೇರೆ ಭಾಷೆಯ ಜನರಿಗೆ ಅದನ್ನು ಕೇಳಿ, ಅವರವರ ಭಾಷೆಯಲ್ಲಿ ಉತ್ತರ ಹೇಳಿಸಿ, ಧ್ವನಿಮುದ್ರಣ ಮಾಡಿಕೊಂಡರು. ಆ ಮಾತಿನ ಏರಿಳಿತವನ್ನು ಕೇಳಿ ಕೇಳಿ ಸ್ವರವಾಗಿ ಬರೆದುಕೊಂಡರು. ಎಲ್ಲಿ ದನಿ ಏರಿತು, ಎಲ್ಲಿ ತಡವರಿಸಿತು, ಯಾವ ಅಕ್ಷರ ಉದ್ದ, ಯಾವುದು ಗಿಡ್ಡ, ಎಲ್ಲವೂ ರಾಗರೇಖೆಯಾಯಿತು. ಆ ರೇಖೆಯ ಮೇಲೆ ಜಾಝ್ ರಚನೆಗಳು ನಿಂತವು. 2004ರಲ್ಲಿ ‘ಮದರ್ ಟಂಗ್’, ಅಂದರೆ ಮಾತೃಭಾಷೆ, ಎಂಬ ಹೆಸರಿನಲ್ಲಿ ಬಂದ ಆ ಧ್ವನಿಮುದ್ರಿಕೆಯಲ್ಲಿ ಒಂದೊಂದು ರಚನೆಗೆ ಒಂದೊಂದು ಭಾಷೆಯ ಹೆಸರು: ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಕೊಂಕಣಿ. ಇಂಗ್ಲಿಷೂ ಇದೆ. ಕನ್ನಡ ಇದೆ. ಪಿಯಾನೊದಲ್ಲಿದ್ದವರು ವಿಜಯ್ ಅಯ್ಯರ್. ಅಮೆರಿಕದಲ್ಲೇ ಹುಟ್ಟಿದ ತಮಿಳು ಮನೆತನದವರು.

ಈಗ ನಮಗೆ ಖಾಲಾನ ಮಾತಿನ ಅರ್ಥವಾಯಿತು. ನಾವು ರಾಗ ಹುಡುಕುತ್ತಿದ್ದೆವು. ಅವಳಿಗೆ ಕೇಳಿದ್ದು ಯಾರೋ ಮಾತಾಡುತ್ತಿರುವುದು. ಅಕ್ಷರ ಕಲಿಯದ ಅವಳ ಕಿವಿ ನಮ್ಮದಕ್ಕಿಂತ ಮೊದಲೇ ತಲುಪಿತ್ತು.

ಈ ರಚನೆ ನಮ್ಮನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣ ಸಂಗೀತ ಮಾತ್ರವಲ್ಲ. ಏಳನೆಯ ತನಕ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ, ಮನೆಯಲ್ಲಿ ದಖನಿ, ಸಂತೆಯಲ್ಲಿ ಧಾರವಾಡದ ಕನ್ನಡ. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಸೀಮೆಯ ಸಾವಿರಾರು ಮನೆಗಳ ಕತೆ ಇಷ್ಟೇ. ಮೂವತ್ತು ವರ್ಷವಾಗುತ್ತ ಬಂತು ಕನ್ನಡದಲ್ಲಿ ಕತೆ ಬರೆಯಲು ಹತ್ತಿ. ಈಗಲೂ ಯಾವುದಾದರೂ ಸಮಾರಂಭದಲ್ಲಿ ಪರಿಚಯ ಮಾಡಿಕೊಡುವವರು ಪ್ರೀತಿಯಿಂದಲೇ ಹೇಳುತ್ತಾರೆ: “ಸಾಹೇಬರ ಕನ್ನಡ ಭಾಳ ಛಲೋ ಐತಿ.” ಸಭೆ ಚಪ್ಪಾಳೆ ತಟ್ಟುತ್ತದೆ. ಪಕ್ಕದಲ್ಲಿ ಕೂತ ಪಾಟೀಲರಿಗೋ ಕುಲಕರ್ಣಿಯವರಿಗೋ ಆ ಚಪ್ಪಾಳೆ ಬೀಳುವುದಿಲ್ಲ. ಅವರ ಕನ್ನಡ ಛಲೋ ಇರುವುದು ಸುದ್ದಿಯಲ್ಲ. ಇನ್ನೊಂದು ಕಡೆಯವರೂ ಕಡಿಮೆಯಿಲ್ಲ. ಮುಶಾಯಿರಾ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು ನಮ್ಮ ಭುಜದ ಮೇಲೆ ಕೈಯಿಟ್ಟು, ಉರ್ದುವಿನಲ್ಲಿ ಬರೆಯಲು ನಿಮಗೇನು ಕೊರತೆ ಎಂದು ಕೇಳಿದ್ದರು. ಎರಡೂ ಕಡೆ ಸಿಟ್ಟು ಮಾಡುವಂತಿಲ್ಲ, ಯಾಕೆಂದರೆ ಎರಡೂ ಕಡೆ ಇರುವುದು ಪ್ರೀತಿ. ಆ ಪ್ರಶ್ನೆಯನ್ನು ಸ್ವರಕ್ಕೆ ಕೂಡಿಸುವ ಬುದ್ಧಿ ನಮಗೆ ಹೊಳೆಯಲಿಲ್ಲ, ಅಷ್ಟೇ.

‘ಮದರ್ ಟಂಗ್’ ಬಂದ ಮೇಲೆ ಮಹಾಂತಪ್ಪ ಆ ತಮಾಷೆಯ ಉಡುಗೊರೆಯ ಋಣ ತೀರಿಸಿದರು. ಗೋಪಾಲನಾಥರನ್ನು ಹುಡುಕಿಕೊಂಡು ಬಂದರು, ಅವರ ಜೊತೆ ಕೂತು ನುಡಿಸಿದರು, ಇಬ್ಬರ ಸ್ಯಾಕ್ಸೊಫೋನಿಗೂ ಒಗ್ಗುವ ರಚನೆಗಳನ್ನು ಕಟ್ಟಿದರು. 2008ರಲ್ಲಿ ಹೊರಬಂದ ಆ ಧ್ವನಿಮುದ್ರಿಕೆಯ ಹೆಸರು ‘ಕಿನ್ಸ್‌ಮೆನ್’. ಬಂಧುಗಳು ಎಂದು ಕನ್ನಡಿಸಬಹುದು. ದಾಯಾದಿಗಳು ಎಂದರೂ ತಪ್ಪಿಲ್ಲ, ಆದರೆ ನಮ್ಮ ಕಡೆ ದಾಯಾದಿ ಎಂದ ಕೂಡಲೇ ಹೊಲದ ಬದುವಿನ ತಕರಾರು ನೆನಪಾಗುತ್ತದೆ! ಇಬ್ಬರೂ ಸ್ಯಾಕ್ಸೊಫೋನ್ ವಾದಕರು, ಇಬ್ಬರ ಬೇರೂ ಕರ್ನಾಟಕದಲ್ಲಿ. ಒಬ್ಬರು ಜಾಝನ್ನು ಹೊರಗಿನಿಂದ ಕೇಳಿದವರು, ಇನ್ನೊಬ್ಬರು ರಾಗವನ್ನು ಹೊರಗಿನಿಂದ ಕೇಳಿದವರು. ಜೊತೆಗೆ ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ. ಗಿಟಾರಿನಲ್ಲಿ ಇದ್ದವರು ರೆಜ್ ಅಬ್ಬಾಸಿ. ಅವರು ಕರಾಚಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು.

ಕೇಳಿದಾಗ ಮೊದಲು ತಿಳಿಯುವುದು ಇಬ್ಬರ ಉಸಿರಿನ ವ್ಯತ್ಯಾಸ. ಗೋಪಾಲನಾಥರದು ದುಂಡಗಿನ, ನಾಗಸ್ವರದ ನೆನಪಿರುವ ನಾದ. ಸ್ವರದಿಂದ ಸ್ವರಕ್ಕೆ ಜಾರಿ ಹೋಗುತ್ತಾರೆ. ಮಹಾಂತಪ್ಪನವರದು ಚೂಪು, ಅವಸರ. ಒಂದರ ಮೇಲೊಂದು ಸ್ವರ ಬಿದ್ದು ಓಡುತ್ತವೆ. ಇಬ್ಬರೂ ಒಂದೇ ರೇಖೆಯನ್ನು ಕೂಡಿ ನುಡಿಸುವ ಗಳಿಗೆಗಳಲ್ಲಿಯೂ ಎರಡು ದನಿ ಬೇರೆಯಾಗಿಯೇ ಕೇಳುತ್ತವೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನು ಯಾರೂ ಮಾಡಿಲ್ಲ. ಪೂರ್ವ ಪಶ್ಚಿಮಗಳ ಮಿಲನವೆಂಬ ಹೆಸರಿನಲ್ಲಿ ಸಿತಾರಿನ ಕೆಳಗೆ ಕೀಬೋರ್ಡು ಸುರಿದು ಪಾಯಸ ಮಾಡಿದ ಧ್ವನಿಮುದ್ರಿಕೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಇದು ಅಂಥದ್ದಲ್ಲ.

ಅದೇ ವರ್ಷ ಮಹಾಂತಪ್ಪ, ಅಬ್ಬಾಸಿ ಮತ್ತು ತಬಲಾ ನುಡಿಸುವ ಅಮೆರಿಕನ್ ಡ್ಯಾನ್ ವೈಸ್ ಕೂಡಿ ಇನ್ನೊಂದು ಧ್ವನಿಮುದ್ರಿಕೆ ತಂದರು. ತಂಡದ ಹೆಸರು ‘ಇಂಡೋ-ಪಾಕ್ ಕೊಯಲಿಶನ್’, ಅಂದರೆ ಭಾರತ-ಪಾಕ್ ಸಮ್ಮಿಶ್ರ ಸರಕಾರ ಎಂದಂತೆ. ದಿಲ್ಲಿ ಇಸ್ಲಾಮಾಬಾದುಗಳಲ್ಲಿ ಅಂಥ ಹೆಸರನ್ನು ಗಟ್ಟಿಯಾಗಿ ಹೇಳುವುದೂ ಕಷ್ಟ. ನ್ಯೂಯಾರ್ಕಿನಲ್ಲಿ ಮೂರು ಜನ ಅದನ್ನು ಬಾಗಿಲ ಮೇಲೆ ಬರೆದುಕೊಂಡರು. 2017ರಲ್ಲಿ ಅದೇ ತಂಡ ಮತ್ತೊಂದನ್ನು ತಂದಿತು.

ಮುಂದಿನ ವಿವರ ಬೇಗ ಹೇಳಿ ಮುಗಿಸಬಹುದು. 2007ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್, 2011ರಲ್ಲಿ ‘ಸಂಧಿ’, 2013ರಲ್ಲಿ ‘ಗಮಕ್’ ಎಂಬ ಧ್ವನಿಮುದ್ರಿಕೆಗಳು, 2015ರಲ್ಲಿ ಚಾರ್ಲಿ ಪಾರ್ಕರನಿಗೆ ನಮನವಾಗಿ ‘ಬರ್ಡ್ ಕಾಲ್ಸ್’. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. ಎಲ್ಲವೂ ನಮಗೆ ಹಿಡಿಸಿತೆಂದು ಹೇಳಲಾರೆವು. 2006ರ ‘ಕೋಡ್‌ಬುಕ್’ ಗೂಢಲಿಪಿಯ ಗಣಿತದ ಮೇಲೆ ಕಟ್ಟಿದ್ದು. ಅದನ್ನು ಕೇಳುವಾಗ ಪ್ರಾಧ್ಯಾಪಕರ ಮಗನ ಲೆಕ್ಕ ನಮ್ಮ ತಲೆಯ ಮೇಲಿಂದ ಹಾರಿಹೋಯಿತು. ‘ಗಮಕ್’ ಎಂಬ ಹೆಸರು ಕೇಳಿ ಆಸೆಯಿಂದ ಕೂತವರಿಗೆ ವಿದ್ಯುತ್ ಗಿಟಾರಿನ ಸಿಡಿಲು ಸ್ವಲ್ಪ ಹೆಚ್ಚೇ ಆಗುತ್ತದೆ.

ಧಾರವಾಡದ ಸೀಮೆಯವರು ಇಂಥ ಕತೆಗೆ ಬೆರಗಾಗಬೇಕಿಲ್ಲ ಎಂದೂ ಅನ್ನಿಸುತ್ತದೆ. ಉತ್ತರದ ಕಿರಾನಾ ಎಂಬ ಊರಿನಿಂದ ಹೊರಟ ಅಬ್ದುಲ್ ಕರೀಮ್ ಖಾನರು ಈ ಕಡೆಗೆ ಬರದಿದ್ದರೆ ಕುಂದಗೋಳದ ರಾಮರಾಯರು ಸವಾಯಿ ಗಂಧರ್ವರಾಗುತ್ತಿರಲಿಲ್ಲ, ಅವರಿಲ್ಲದೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಇರುತ್ತಿರಲಿಲ್ಲ. ಹೊರಗಿನಿಂದ ಬಂದು ಧಾರವಾಡದಲ್ಲಿ ನೆಲೆನಿಂತ ರಹಿಮತ್ ಖಾನರ ಸಿತಾರು ಮೊಮ್ಮಗ ಬಾಲೇಖಾನರ ಕೈಯಲ್ಲಿ ಧಾರವಾಡದ್ದೇ ಆಗಿಹೋಯಿತು. ಬಾಲೇಖಾನರು 2007ರಲ್ಲಿ ತೀರಿಕೊಂಡಾಗ ಊರು ಅತ್ತದ್ದು ತನ್ನ ಮಗನಿಗಾಗಿ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರರ ತುಟಿಗೆ ಶಹನಾಯಿ, ಅದರೊಳಗೆ ಕಾಶಿಯ ಬಿಸ್ಮಿಲ್ಲಾ ಖಾನರ ಉಸಿರು. ನಾಡಿನ ಜನ ಅದನ್ನು ಕೇಳಿ ಕಣ್ಣೊರೆಸಿಕೊಂಡರು, ಉಸಿರಿನ ಊರು ಕೇಳಲಿಲ್ಲ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕಣ್ಣುಮುಚ್ಚಿದರು.

ಆ ದಿನ ಗರಗದಲ್ಲಿ ಇಷ್ಟೆಲ್ಲ ಮಾತು ಮುಗಿಯುವ ಹೊತ್ತಿಗೆ ಖಾಲಾ ಚಹಾ ತಂದಿಟ್ಟಳು. ಹುಡುಗನಿಗೆ ಹುಮ್ಮಸ್ಸು ಬಂದಿತ್ತು. ಮೊಬೈಲಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ ಅವಳ ಮುಂದೆ ಹಿಡಿದು ಕೇಳಿದ: “ಖಾಲಾ, ನಿಮ್ಮ ಭಾಷಾ ಯಾವುದು?”

“ಯಾಕಲೇ?” ಎಂದು ಅವನನ್ನೇ ನೋಡಿದಳು. ಆಮೇಲೆ ಅಂದಳು: “ಘರ್ ಮೇಂ ಯೂಂ ಬೋಲ್ತೂಂ, ಬಾವಿಕಟ್ಟಿಗೆ ಹ್ವಾದ್ರ ಹಿಂಗ ಮಾತಾಡ್ತೀನಿ, ನಮಾಝಿನಾಗ ಅಲ್ಲಾಹನ ಮಾತು. ಇನ್ನ ಯಾವುದು ಬೇಕು ನಿನಗ? ಚಾ ಆರತೈತಿ, ಮೊದಲು ಕುಡಿ.”

ಹುಡುಗ ಅದನ್ನು ಎರಡು ಸಲ ತಿರುಗಿಸಿ ಹಾಕಿ ಕೇಳಿಸಿದ. ಖಾಲಾಗೆ ತನ್ನ ದನಿ ಗುರುತೇ ಹತ್ತಲಿಲ್ಲ. ಇದು ಯಾವ ಹೆಂಗಸು, ಇಷ್ಟು ಜೋರು ಮಾತಾಡುತ್ತಾಳೆ ಎಂದಳು.